ಲಿಖಿತ ನಿಯಮವೂ ರೂಢಿಯೂ: ಕಲ್ಪಿತ ಯಂತ್ರಗಳಲ್ಲಿ ಕರೆಯ ಕಟ್ಟಳೆಯ ದೋಷಗಳು

೧. ವಿಷಯ ಪ್ರವೇಶ

ಗಣಕಯಂತ್ರಗಳ ಇತಿಹಾಸವೆಂದರೆ ಅವುಗಳ ವೇಗ, ಗಾತ್ರ, ಬೆಲೆಗಳ ಇತಿಹಾಸವೆಂದೂ ಅವನ್ನು ನಿರ್ಮಿಸಿದ ಮಹನೀಯರ ಚರಿತ್ರೆಯೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಯಂತ್ರದೊಳಗೆ ನಡೆಯುವ ಪ್ರೋಗ್ರಾಮುಗಳು ತಮ್ಮ ತಮ್ಮಲ್ಲಿ ಮಾಡಿಕೊಂಡಿರುವ ಒಡಂಬಡಿಕೆಗಳಿಗೂ ಒಂದು ಇತಿಹಾಸವುಂಟೆಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಂಥ ಒಡಂಬಡಿಕೆಗಳಲ್ಲಿ ಒಂದನ್ನು, ಅದು ಮುರಿದಾಗ ಉಂಟಾಗುವ ದೋಷಗಳನ್ನು, ಆ ದೋಷಗಳನ್ನು ತಿದ್ದುವ ವಿಧಾನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರೋಗ್ರಾಮಿನ ಒಂದು ಭಾಗವು ಮತ್ತೊಂದು ಭಾಗವನ್ನು ಕರೆದು ಕೆಲಸ ಒಪ್ಪಿಸುವಾಗ ಕೆಲವು ಪ್ರಶ್ನೆಗಳು ಮೊದಲೇ ಇತ್ಯರ್ಥವಾಗಿರಬೇಕು. ಒಪ್ಪಿಸುವ ಬೆಲೆಗಳನ್ನು, ಅಂದರೆ ಆರ್ಗ್ಯುಮೆಂಟುಗಳನ್ನು, ಎಲ್ಲಿ ಇಡತಕ್ಕದ್ದು? ಉತ್ತರವನ್ನು ಎಲ್ಲಿಂದ ತೆಗೆದುಕೊಳ್ಳತಕ್ಕದ್ದು? ಕೆಲಸ ಮುಗಿದ ಮೇಲೆ ಯಾವ ವಿಳಾಸಕ್ಕೆ ಹಿಂದಿರುಗತಕ್ಕದ್ದು? ಯಂತ್ರದ ರಿಜಿಸ್ಟರುಗಳಲ್ಲಿ ಯಾವುವನ್ನು ಕರೆಸಿಕೊಂಡ ಪಕ್ಷವು ಕೆಡಿಸಬಹುದು, ಯಾವುವನ್ನು ಇದ್ದ ಹಾಗೆಯೇ ಮರಳಿಸಬೇಕು? ಈ ಪ್ರಶ್ನೆಗಳಿಗೆ ಉಭಯಪಕ್ಷಗಳೂ ಒಪ್ಪಿದ ಉತ್ತರಗಳ ಸಮೂಹವನ್ನು ಕಾಲಿಂಗ್ ಕನ್ವೆನ್ಷನ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಕರೆಯ ಕಟ್ಟಳೆ’ ಎಂದು ಕರೆಯೋಣ.

ಈ ಕಟ್ಟಳೆಯನ್ನು ಯಂತ್ರವು ಸಾಮಾನ್ಯವಾಗಿ ಜಾರಿಗೆ ತರುವುದಿಲ್ಲ ಎಂಬ ಅಂಶ ಗಮನಾರ್ಹವಾದದ್ದು. ತಪ್ಪಾದ ರಿಜಿಸ್ಟರಿನಿಂದ ಓದಿದರೂ ಯಂತ್ರವು ಅಲ್ಲಿ ಇರುವ ಯಾವುದೋ ಸಂಖ್ಯೆಯನ್ನು ತೆಗೆದುಕೊಟ್ಟು ಸುಮ್ಮನಿರುತ್ತದೆ. ಆದುದರಿಂದ ಕಟ್ಟಳೆಯು ನೆಲೆಸಿರುವುದು ಎರಡೇ ಕಡೆ: ಬರೆದಿಟ್ಟ ನಿಯಮದಲ್ಲಿ ಮತ್ತು ಪ್ರೋಗ್ರಾಮು ರಚಿಸುವವರ ರೂಢಿಯಲ್ಲಿ. ಇವೆರಡೂ ಒಂದೇ ಆಗಿರುವವರೆಗೆ ತೊಂದರೆಯಿಲ್ಲ. ಒಂದು ಕಾಲದಲ್ಲಿ ರೂಢಿಯು ನಿಯಮದಿಂದ ಬೇರೆಯಾಗಿ, ಆ ಭೇದವು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದು, ಮುಂದೆ ಬೇರೊಂದು ಯಂತ್ರದ ಮೇಲೆ ದೋಷವಾಗಿ ಹೊರಬೀಳುತ್ತದೆ. ಇಂಥ ದೋಷಗಳ ಕಾರಣವನ್ನು ಅವು ಕಾಣಿಸಿಕೊಂಡ ವರ್ಷದಲ್ಲಿ ಹುಡುಕಿದರೆ ಸಾಲದು, ಹಿಂದಣ ದಶಕಗಳಲ್ಲಿ ಹುಡುಕಬೇಕು ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ಅಂಶ.

೨. ಎಡ್ಸ್ಯಾಕ್ ಯಂತ್ರದ ಕಟ್ಟಳೆ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್‌ರವರ ನೇತೃತ್ವದಲ್ಲಿ ನಿರ್ಮಿತವಾದ ಎಡ್ಸ್ಯಾಕ್ ಯಂತ್ರವು ೧೯೪೯ನೆಯ ಮೇ ೬ರಂದು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿತು. ಒಮ್ಮೆ ಬರೆದ ಪ್ರೋಗ್ರಾಮು ಭಾಗಗಳನ್ನು ಮತ್ತೆ ಮತ್ತೆ ಬಳಸಿಕೊಳ್ಳುವುದಕ್ಕಾಗಿ ಅಲ್ಲಿ ಸಬ್‌ರೂಟೀನುಗಳ ಒಂದು ಭಂಡಾರವೇ ಏರ್ಪಟ್ಟಿತು. ಇದರ ವಿವರಗಳನ್ನು ವಿಲ್ಕ್ಸ್, ಡೇವಿಡ್ ವ್ಹೀಲರ್, ಸ್ಟ್ಯಾನ್ಲಿ ಗಿಲ್ ಈ ಮೂವರೂ ೧೯೫೧ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಸಬ್‌ರೂಟೀನಿಗೆ ಹೋಗುವುದು ಸುಲಭ, ಹಿಂದಿರುಗುವುದು ಕಷ್ಟ. ಎಲ್ಲಿಂದ ಕರೆ ಬಂತೆಂಬುದನ್ನು ನೆನಪಿಟ್ಟುಕೊಳ್ಳುವ ಆಜ್ಞೆಯೇ ಎಡ್ಸ್ಯಾಕ್ ಯಂತ್ರದಲ್ಲಿ ಇರಲಿಲ್ಲ. ವ್ಹೀಲರ್‌ರವರು ಕಂಡುಹಿಡಿದ ಉಪಾಯ ಹೀಗಿತ್ತು. ಕರೆಯುವ ಸ್ಥಳದಲ್ಲಿ ‘ಎ’ ಎಂಬ ಕೂಡಿಸುವ ಆಜ್ಞೆಯನ್ನಿಟ್ಟು, ಅದು ತನ್ನನ್ನೇ ಅಕ್ಯುಮ್ಯುಲೇಟರಿಗೆ ಕೂಡಿಸಿಕೊಳ್ಳುವಂತೆ ಬರೆಯುತ್ತಿದ್ದರು. ಆಗ ಆ ಆಜ್ಞೆಯೊಳಗಿನ ವಿಳಾಸ, ಅಂದರೆ ಕರೆಯ ಸ್ಥಳ, ಅಕ್ಯುಮ್ಯುಲೇಟರಿನಲ್ಲಿ ಉಳಿಯುತ್ತಿತ್ತು. ‘ಎ’ ಆಜ್ಞೆಯ ಸಂಕೇತವು ಯಂತ್ರದ ಎಣಿಕೆಯಲ್ಲಿ ಋಣಸಂಖ್ಯೆ. ಆದುದರಿಂದ ಮುಂದಿನ ‘ಜಿ’ ಆಜ್ಞೆ, ‘ಋಣವಾಗಿದ್ದರೆ ಜಿಗಿ’ ಎಂಬುದು, ತಪ್ಪದೆ ಸಬ್‌ರೂಟೀನಿಗೆ ಜಿಗಿಯುತ್ತಿತ್ತು. ಸಬ್‌ರೂಟೀನು ಮೊಟ್ಟಮೊದಲು ಒಂದು ನಿಯತ ಸಂಖ್ಯೆಯನ್ನು ಅಕ್ಯುಮ್ಯುಲೇಟರಿಗೆ ಕೂಡಿಸುತ್ತಿತ್ತು. ಆ ಕೂಡಿಕೆಯಿಂದ ‘ಎ’ಯ ಸಂಕೇತವಾದ ೨೮ರ ಜೊತೆಗೆ ೭ ಸೇರಿ ೩೫ ಆಗಿ, ಐದು ಬಿಟ್ಟುಗಳ ಮಿತಿಯಲ್ಲಿ ೩ ಆಗಿ ಉಳಿಯುತ್ತಿತ್ತು. ಈ ೩ ‘ಇ’ ಎಂಬ ಜಿಗಿತದ ಆಜ್ಞೆಯ ಸಂಕೇತ. ವಿಳಾಸದ ಭಾಗವು ಅದೇ ಕೂಡಿಕೆಯಲ್ಲಿ ಎರಡು ಹೆಚ್ಚುತ್ತಿತ್ತು. ಹೀಗೆ ಸಿದ್ಧವಾದ ಹಿಂದಿರುಗುವ ಆಜ್ಞೆಯನ್ನು ಸಬ್‌ರೂಟೀನು ತನ್ನ ಕೊನೆಯ ಸ್ಥಾನದಲ್ಲಿ ತಾನೇ ನೆಟ್ಟುಕೊಳ್ಳುತ್ತಿತ್ತು.

ಈ ಚತುರ ಉಪಾಯದಲ್ಲಿ ಎರಡು ಕರಾರುಗಳು ಅಡಗಿವೆ. ಕರೆಯುವ ಮೊದಲು ಅಕ್ಯುಮ್ಯುಲೇಟರು ಬರಿದಾಗಿರಬೇಕು. ಇಲ್ಲವಾದರೆ ವಿಳಾಸದೊಂದಿಗೆ ಹಳೆಯ ಬೆಲೆಯೂ ಸೇರಿ ಹಿಂದಿರುಗುವ ಸ್ಥಳ ತಪ್ಪುತ್ತದೆ. ಹಿಂದಿರುಗುವ ಹೊತ್ತಿಗೆ ಅಕ್ಯುಮ್ಯುಲೇಟರು ಋಣವಾಗಿರಬಾರದು; ಇದ್ದರೆ ‘ಇ’ ಆಜ್ಞೆ ಜಿಗಿಯುವುದೇ ಇಲ್ಲ. ಈ ಕರಾರುಗಳನ್ನು ಯಂತ್ರವು ಬಲ್ಲದೆ? ಅರಿಯದು. ಅವು ಪುಸ್ತಕದಲ್ಲಿಯೂ ಬಳಸುವವರ ಮನಸ್ಸಿನಲ್ಲಿಯೂ ಮಾತ್ರ ಇದ್ದವು ಎಂದೇ ಹೇಳಬೇಕು: ಯಂತ್ರಕ್ಕೆ ತಿಳಿದಿದ್ದುದು ಕೂಡಿಸುವುದು, ಜಿಗಿಯುವುದು ಇಷ್ಟೇ. ಕರೆಯ ಕಟ್ಟಳೆಯ ಸ್ವರೂಪವು ಈ ಮೊದಲ ಉದಾಹರಣೆಯಲ್ಲಿಯೇ ಸ್ಪಷ್ಟವಾಗಿದೆ.

ದೋಷಶೋಧನೆಯ ಇತಿಹಾಸವೂ ಇಲ್ಲಿಂದಲೇ ಆರಂಭವಾಗುವುದೆನ್ನಬಹುದು. ಎಡ್ಸ್ಯಾಕ್ ಪ್ರೋಗ್ರಾಮುಗಳ ತಪ್ಪುಗಳನ್ನು ಪತ್ತೆಹಚ್ಚುವ ಬಗೆಯನ್ನು ಕುರಿತು ಗಿಲ್‌ರವರು ೧೯೫೧ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದರು. ಸಂಶಯಾಸ್ಪದ ಪ್ರೋಗ್ರಾಮಿನ ಆಜ್ಞೆಗಳನ್ನು ನೇರವಾಗಿ ಓಡಗೊಡದೆ, ಮತ್ತೊಂದು ಪ್ರೋಗ್ರಾಮು ಅವನ್ನು ಒಂದೊಂದಾಗಿ ಓದಿ, ನಡೆಸಿ, ನಡೆದುದನ್ನು ಮುದ್ರಿಸುತ್ತ ಹೋಗುವುದು ಅಲ್ಲಿನ ಒಂದು ವಿಧಾನ. ಯಂತ್ರದ ಮೇಲೆ ಯಂತ್ರವನ್ನು ಅನುಕರಿಸುವ ಈ ಪದ್ಧತಿಯಲ್ಲಿ ಇಂದಿನ ಡಿಬಗರಿನ ಬೀಜವೂ ಕಲ್ಪಿತ ಯಂತ್ರದ ಬೀಜವೂ ಒಟ್ಟಿಗೆ ಕಾಣುತ್ತವೆ.

೩. ಸ್ಟ್ಯಾಕ್ ಪದ್ಧತಿಯ ಉದಯ

ವ್ಹೀಲರ್ ಉಪಾಯಕ್ಕೆ ಒಂದು ಮಿತಿಯಿತ್ತು. ಹಿಂದಿರುಗುವ ಆಜ್ಞೆಯು ಸಬ್‌ರೂಟೀನಿನ ಒಳಗೆ ಒಂದೇ ಸ್ಥಾನದಲ್ಲಿ ನೆಡಲ್ಪಡುತ್ತಿದ್ದುದರಿಂದ ಸಬ್‌ರೂಟೀನು ತನ್ನನ್ನೇ ಮರಳಿ ಕರೆದರೆ ಮೊದಲಿನ ವಿಳಾಸ ಅಳಿಸಿಹೋಗುತ್ತಿತ್ತು. ಇದಕ್ಕೆ ಪರಿಹಾರವು ಕಾಗದದ ಮೇಲೆ ಆಗಲೇ ಸಿದ್ಧವಾಗಿತ್ತು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕಾಗಿ ಅಲನ್ ಟ್ಯೂರಿಂಗ್‌ರವರು ಸಿದ್ಧಪಡಿಸಿ ೧೯೪೬ರಲ್ಲಿ ಮಂಡಿಸಿದ ವರದಿಯಲ್ಲಿ ಹಿಂದಿರುಗುವ ವಿಳಾಸವನ್ನು ‘ಹೂಳುವ’ ಮತ್ತು ‘ಹೊರತೆಗೆಯುವ’ ಕ್ರಮವು ವರ್ಣಿತವಾಗಿದೆ. ಕಡೆಯಲ್ಲಿ ಹೂಳಿದ್ದನ್ನು ಮೊದಲು ತೆಗೆಯುವುದೇ ಆ ಕ್ರಮದ ತತ್ತ್ವ. ಮುಂದೆ ಆಲ್ಗಾಲ್ ೬೦ ಭಾಷೆಯು ಸ್ವಯಂಕರೆಗೆ ಅವಕಾಶವಿತ್ತಾಗ, ನೆದರ್ಲೆಂಡ್ಸಿನ ಎಡ್ಸ್ಗರ್ ಡೈಕ್‌ಸ್ಟ್ರಾರವರು ೧೯೬೦ರ ತಮ್ಮ ಲೇಖನದಲ್ಲಿ ಈ ತತ್ತ್ವವನ್ನು ವಿಶದಪಡಿಸಿದರು. ಒಂದರ ಮೇಲೊಂದಾಗಿ ಬೆಲೆಗಳನ್ನು ಪೇರಿಸಿಡುವ ಈ ಮೆಮೊರಿ ಭಾಗಕ್ಕೆ ಸ್ಟ್ಯಾಕ್ ಎಂಬ ಹೆಸರು ನಿಂತಿತು.

ಆದರೆ ಎಲ್ಲ ಯಂತ್ರಗಳೂ ಈ ಮಾರ್ಗವನ್ನು ಹಿಡಿಯಲಿಲ್ಲ. ೧೯೬೪ರ ಏಪ್ರಿಲ್ ೭ರಂದು ಐಬಿಎಂ ಸಂಸ್ಥೆ ಘೋಷಿಸಿದ ಸಿಸ್ಟಂ/೩೬೦ ಯಂತ್ರಶ್ರೇಣಿಯಲ್ಲಿ ಸ್ಟ್ಯಾಕ್ ಇರಲಿಲ್ಲ, ಹದಿನಾರು ಸಾಮಾನ್ಯ ರಿಜಿಸ್ಟರುಗಳಿದ್ದವು. ಹದಿನಾಲ್ಕನೆಯದರಲ್ಲಿ ಹಿಂದಿರುಗುವ ವಿಳಾಸ, ಹದಿನೈದನೆಯದರಲ್ಲಿ ಹೋಗುವ ವಿಳಾಸ, ಒಂದನೆಯದರಲ್ಲಿ ಆರ್ಗ್ಯುಮೆಂಟುಗಳ ಪಟ್ಟಿಯ ವಿಳಾಸ, ಹದಿಮೂರನೆಯದರಲ್ಲಿ ೭೨ ಬೈಟುಗಳ ರಕ್ಷಣಾಸ್ಥಳದ ವಿಳಾಸ ಎಂದು ಕಟ್ಟಳೆ ಗೊತ್ತಾಯಿತು. ಹದಿಮೂರನೆಯ ರಿಜಿಸ್ಟರಿಗೆ ಈ ಕೆಲಸವನ್ನು ಒಪ್ಪಿಸಿದ್ದು ಯಂತ್ರದ ರಚನೆಯಲ್ಲ, ಕಟ್ಟಳೆ ಮಾತ್ರ.

ಕಟ್ಟಳೆಯನ್ನು ಯಂತ್ರದೊಳಗೇ ಅಡಕಗೊಳಿಸುವ ಪ್ರಯತ್ನವೂ ನಡೆಯಿತು. ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯು ೧೯೭೭ರಲ್ಲಿ ಹೊರತಂದ ವ್ಯಾಕ್ಸ್ ಯಂತ್ರದಲ್ಲಿ ಪ್ರತಿ ಪ್ರೊಸೀಜರಿನ ಮೊದಲ ಪದವು ಯಾವ ಯಾವ ರಿಜಿಸ್ಟರುಗಳನ್ನು ಉಳಿಸಬೇಕೆಂಬುದನ್ನು ಸೂಚಿಸುತ್ತಿತ್ತು. ಕರೆಯ ಆಜ್ಞೆಯೇ ಅದನ್ನು ಓದಿ, ಅವನ್ನು ಉಳಿಸಿ, ಆರ್ಗ್ಯುಮೆಂಟುಗಳ ಸಂಖ್ಯೆಯನ್ನೂ ದಾಖಲಿಸುತ್ತಿತ್ತು. ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಆದರೆ ಅಷ್ಟೊಂದು ಕೆಲಸವನ್ನು ಪ್ರತಿ ಕರೆಯಲ್ಲಿಯೂ ಮಾಡಬೇಕಾದ್ದರಿಂದ ನಿಧಾನವಾಗಿತ್ತು. ಅನಂತರದ ಯಂತ್ರಗಳು ಸರಳವಾದ ಕರೆಯ ಆಜ್ಞೆಗೇ ಹಿಂದಿರುಗಿದವು. ಕಟ್ಟಳೆಯನ್ನು ಪಾಲಿಸುವ ಹೊಣೆ ಮತ್ತೆ ಪ್ರೋಗ್ರಾಮುಗಳ ಮೇಲೆಯೇ ಬಿತ್ತು.

೪. ಸಿ ಭಾಷೆಯ ರೂಢಿ

ಇಂದಿನ ದೋಷಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಸಿ ಭಾಷೆಯ ಬಾಲ್ಯವನ್ನು ನೋಡಬೇಕು. ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ೧೯೭೦ರ ದಶಕದ ಆರಂಭದಲ್ಲಿ ರೂಪಿಸಿದ ಈ ಭಾಷೆಯ ಬಗೆಗೆ ಬ್ರಯನ್ ಕರ್ನಿಘನ್ ಮತ್ತು ರಿಚಿಯವರ ಗ್ರಂಥವು ೧೯೭೮ರಲ್ಲಿ ಹೊರಬಂದಿತು. ಆಗಿನ ಸಿ ಭಾಷೆಯಲ್ಲಿ ಫಂಕ್ಷನ್ನಿನ ಘೋಷಣೆಯು ಅದು ಕೊಡುವ ಉತ್ತರದ ಬಗೆಯನ್ನು ಮಾತ್ರ ಹೇಳುತ್ತಿತ್ತು. ಆರ್ಗ್ಯುಮೆಂಟುಗಳು ಎಷ್ಟು, ಎಂಥವು ಎಂಬುದು ಅದರಲ್ಲಿರಲಿಲ್ಲ. ಕರೆಯುವ ಪಕ್ಷವು ತನಗೆ ತಿಳಿದಷ್ಟನ್ನು ಬಲದಿಂದ ಎಡಕ್ಕೆ ಸ್ಟ್ಯಾಕಿನ ಮೇಲೆ ಇಡುತ್ತಿತ್ತು. ಆದ್ದರಿಂದ ಮೊದಲನೆಯ ಆರ್ಗ್ಯುಮೆಂಟು ಯಾವಾಗಲೂ ಒಂದೇ ಗೊತ್ತಾದ ಸ್ಥಾನದಲ್ಲಿ ಸಿಕ್ಕುತ್ತಿತ್ತು. ಮುದ್ರಿಸುವ ಫಂಕ್ಷನ್ನಾದ ಪ್ರಿಂಟ್‌ಎಫ್ ಈ ಸೌಲಭ್ಯವನ್ನೇ ಆಶ್ರಯಿಸಿತು. ಅದರ ಮೊದಲನೆಯ ಆರ್ಗ್ಯುಮೆಂಟು ಉಳಿದವು ಎಷ್ಟೆಂಬುದನ್ನು ತಿಳಿಸುತ್ತದೆ. ಎಷ್ಟು ಇಟ್ಟೆನೆಂಬುದು ಕರೆದವರಿಗೆ ಮಾತ್ರ ನಿಶ್ಚಯವಾಗಿ ತಿಳಿದಿರುವುದರಿಂದ, ಕೆಲಸ ಮುಗಿದ ಮೇಲೆ ಸ್ಟ್ಯಾಕನ್ನು ಶುಚಿಗೊಳಿಸುವುದೂ ಅವರದೇ ಕರ್ತವ್ಯವಾಯಿತು.

ಇದಕ್ಕೆ ವಿರುದ್ಧವಾದ ಕಟ್ಟಳೆ ಪಾಸ್ಕಲ್ ಭಾಷೆಯ ಹೆಸರಿನಲ್ಲಿ ಪ್ರಚಾರಕ್ಕೆ ಬಂತು. ಅದರಲ್ಲಿ ಶುಚಿಗೊಳಿಸುವುದು ಕರೆಸಿಕೊಂಡವರ ಕೆಲಸ. ವಿಂಡೋಸ್ ವ್ಯವಸ್ಥೆಯು ಮೊದಲು ಈ ಪಾಸ್ಕಲ್ ಕಟ್ಟಳೆಯನ್ನೂ, ೩೨ ಬಿಟ್ಟುಗಳ ಆವೃತ್ತಿಯಲ್ಲಿ ಎಸ್‌ಟಿಡಿಕಾಲ್ ಎಂಬ ಮಿಶ್ರ ಕಟ್ಟಳೆಯನ್ನೂ ಅನುಸರಿಸಿತು. ಎಸ್‌ಟಿಡಿಕಾಲ್‌ನಲ್ಲಿ ಇಡುವ ಕ್ರಮ ಸಿ ಭಾಷೆಯದು, ಶುಚಿಗೊಳಿಸುವ ಕ್ರಮ ಪಾಸ್ಕಲಿನದು. ಪ್ರಿಂಟ್‌ಎಫ್‌ನಂಥ ಫಂಕ್ಷನ್ನುಗಳು ಮಾತ್ರ ಅಲ್ಲಿಯೂ ಸಿ ಕಟ್ಟಳೆಯಲ್ಲಿಯೇ ಉಳಿಯಬೇಕಾಯಿತು. ಈ ಎರಡನ್ನು ಅದಲುಬದಲು ಮಾಡಿದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಬಹುದು. ನಾಲ್ಕು ಬೈಟುಗಳ ಮೂರು ಆರ್ಗ್ಯುಮೆಂಟುಗಳನ್ನು ಕರೆಸಿಕೊಂಡ ಪಕ್ಷವು ತೆಗೆದ ಮೇಲೆ ಕರೆದ ಪಕ್ಷವೂ ತೆಗೆದರೆ, ಸ್ಟ್ಯಾಕಿನ ತುದಿ ಪ್ರತಿ ಕರೆಗೂ ೧೨ ಬೈಟು ಸರಿಯುತ್ತದೆ. ಆದರೆ ಕರೆದ ಫಂಕ್ಷನ್ನು ತಾನು ಮುಗಿಯುವಾಗ ತುದಿಯನ್ನು ಬೇರೊಂದು ರಿಜಿಸ್ಟರಿನಿಂದ ಸರಿಪಡಿಸಿಕೊಂಡರೆ ಆ ತಪ್ಪು ಮುಚ್ಚಿಹೋಗುತ್ತದೆ. ತಪ್ಪಿದ್ದೂ ಪ್ರೋಗ್ರಾಮು ಸರಿಯಾಗಿ ನಡೆಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

೧೯೮೯ರಲ್ಲಿ ಸಿ ಭಾಷೆಗೆ ಅಮೆರಿಕದ ರಾಷ್ಟ್ರೀಯ ಪ್ರಮಾಣ ಗೊತ್ತಾಯಿತು. ಆರ್ಗ್ಯುಮೆಂಟುಗಳ ಬಗೆಯನ್ನೂ ಹೇಳುವ ಪೂರ್ಣ ಘೋಷಣೆಗಳು ಬಂದವು. ಆರ್ಗ್ಯುಮೆಂಟುಗಳ ಸಂಖ್ಯೆ ಅನಿಯತವಾಗಿರುವ ಫಂಕ್ಷನ್ನನ್ನು ಅಂಥ ಘೋಷಣೆಯಿಲ್ಲದೆ ಕರೆದರೆ ಪರಿಣಾಮವು ಅನಿಶ್ಚಿತವೆಂದು ಆ ಪ್ರಮಾಣವು ಬರೆದಿಟ್ಟಿತು. ಇದರ ತಾತ್ಪರ್ಯವೇನು? ಇಂಥ ಫಂಕ್ಷನ್ನುಗಳಿಗೆ ಪ್ರತ್ಯೇಕ ಕಟ್ಟಳೆಯನ್ನು ಏರ್ಪಡಿಸಲು ಯಂತ್ರ ನಿರ್ಮಾಪಕರಿಗೆ ಲಿಖಿತ ಅಧಿಕಾರ ದೊರೆಯಿತೆಂದೇ ಅರ್ಥ. ಆದರೆ ಬಹುಪಾಲು ಯಂತ್ರಗಳಲ್ಲಿ ಎರಡು ಬಗೆಯ ಕರೆಗಳೂ ಮೊದಲಿನಂತೆಯೇ ಒಂದೇ ರೀತಿ ಅಥವಾ ಹೆಚ್ಚುಕಡಮೆ ಒಂದೇ ರೀತಿ ನಡೆಯುತ್ತಿದ್ದವು. ನಿಯಮ ಬದಲಾಯಿತು, ರೂಢಿ ಬದಲಾಗಲಿಲ್ಲ.

೫. ಕಲ್ಪಿತ ಯಂತ್ರಗಳ ಇಕ್ಕಟ್ಟು

ವರ್ಚುಯಲ್ ಮಷೀನ್ ಅಥವಾ ಕಲ್ಪಿತ ಯಂತ್ರವೆಂದರೆ ನಿಜವಾದ ಯಂತ್ರದ ಮೇಲೆ ಪ್ರೋಗ್ರಾಮಿನ ರೂಪದಲ್ಲಿ ನಿಲ್ಲುವ ಮತ್ತೊಂದು ಯಂತ್ರ. ಮಾರ್ಟಿನ್ ರಿಚರ್ಡ್ಸ್‌ರವರ ಬಿಸಿಪಿಎಲ್ ಭಾಷೆಯ ಓ-ಕೋಡ್ (೧೯೬೦ರ ದಶಕ), ಜ್ಯೂರಿಕ್ ನಗರದಲ್ಲಿ ನಿಕ್ಲಾಸ್ ವಿರ್ತ್‌ರವರ ಬಳಗವು ಪಾಸ್ಕಲ್ ಭಾಷೆಗಾಗಿ ರೂಪಿಸಿದ ಪಿ-ಕೋಡ್ (೧೯೭೦ರ ದಶಕ) ಇವು ಈ ಪರಂಪರೆಯ ಮೊದಲ ಘಟ್ಟಗಳು. ಪಾಸ್ಕಲ್-ಪಿ ಕಂಪೈಲರಿನ ಟಿಪ್ಪಣಿಗಳನ್ನು ಬರೆದವರಲ್ಲಿ ಭಾರತೀಯರಾದ ಕೆ. ವಿ. ನೋರಿಯವರೂ ಒಬ್ಬರು. ೧೯೯೫ರಲ್ಲಿ ಪ್ರಕಟವಾದ ಜಾವಾ ಭಾಷೆಯೊಡನೆ ಕಲ್ಪಿತ ಯಂತ್ರವು ಸರ್ವತ್ರ ಬಳಕೆಗೆ ಬಂತು.

ಕಲ್ಪಿತ ಯಂತ್ರವು ತನ್ನ ಒಳಗಿನ ಕರೆಗಳಿಗೆ ತನ್ನದೇ ಕಟ್ಟಳೆಯನ್ನು ಇಟ್ಟುಕೊಳ್ಳಬಹುದು. ಅಲ್ಲಿ ಎರಡು ಪಕ್ಷಗಳೂ ಅದರವೇ. ಆದರೆ ಕಡತವನ್ನು ತೆರೆಯಬೇಕಾದಾಗ, ತೆರೆಯ ಮೇಲೆ ಚಿತ್ರ ಬರೆಯಬೇಕಾದಾಗ, ಸಿ ಭಾಷೆಯಲ್ಲಿ ಬರೆದ ಹೊರಗಿನ ಫಂಕ್ಷನ್ನನ್ನು ಅದು ಕರೆಯಲೇಬೇಕು. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಕಟ್ಟಳೆಯನ್ನು ಪಾಲಿಸುವ ಕೆಲಸವನ್ನು ಕಂಪೈಲರು ಮಾಡುತ್ತದೆ, ಏಕೆಂದರೆ ಅದು ಘೋಷಣೆಗಳನ್ನು ಓದಿರುತ್ತದೆ. ಕಲ್ಪಿತ ಯಂತ್ರವಾದರೋ ಯಾವ ಫಂಕ್ಷನ್ನನ್ನು ಕರೆಯಬೇಕೆಂಬುದನ್ನು ಓಡುವ ಹೊತ್ತಿನಲ್ಲಿ ತಿಳಿಯುತ್ತದೆ. ಘೋಷಣೆಯು ಆಗ ಎದುರಿಗೆ ಇರುವುದಿಲ್ಲ. ಕಂಪೈಲರು ಮಾಡಬೇಕಾಗಿದ್ದ ಕೆಲಸವನ್ನು ಅದು ಪ್ರತಿ ಬಗೆಯ ಯಂತ್ರಕ್ಕೂ ಪ್ರತಿ ಕಾರ್ಯಕಾರಿ ವ್ಯವಸ್ಥೆಗೂ ಬೇರೆಬೇರೆಯಾಗಿ ತಾನೇ ಮಾಡಬೇಕಾಗುತ್ತದೆ. ಈ ಹೊರೆಯನ್ನು ಒಂದೆಡೆ ಸೇರಿಸುವ ಸಲುವಾಗಿ ಆಂಥೊನಿ ಗ್ರೀನ್‌ರವರು ೧೯೯೬ರಲ್ಲಿ ಆರಂಭಿಸಿದ ಲಿಬ್‌ಎಫ್‌ಎಫ್‌ಐ ಎಂಬ ಭಂಡಾರವು ಇಂದಿಗೂ ಅನೇಕ ಭಾಷೆಗಳಿಗೆ ಆಧಾರವಾಗಿದೆ. ಜಾವಾ ಭಾಷೆಯು ಹೊರಗಿನ ಫಂಕ್ಷನ್ನುಗಳನ್ನು ನೇರವಾಗಿ ಕರೆಯುವ ಹೊಸ ವ್ಯವಸ್ಥೆಯನ್ನು ೨೦೨೪ರ ಮಾರ್ಚಿಯಲ್ಲಿ ಬಂದ ೨೨ನೆಯ ಆವೃತ್ತಿಯಲ್ಲಿ ಸ್ಥಿರಗೊಳಿಸಿತು. ಭಾಷೆ ಪ್ರಕಟವಾಗಿ ಸುಮಾರು ಮೂವತ್ತು ವರ್ಷಗಳಾದ ಮೇಲೂ ಈ ಗಡಿಯ ಕೆಲಸ ಮುಗಿದಿರಲಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

೬. ದೋಷಗಳ ನಾಲ್ಕು ಬಗೆ

ಈ ಗಡಿಯಲ್ಲಿ ತಲೆದೋರುವ ದೋಷಗಳಲ್ಲಿ ನಾಲ್ಕು ಬಗೆಗಳನ್ನು ಇಲ್ಲಿ ವಿವೇಚಿಸಬಹುದು.

ಮೊದಲನೆಯದು ಒಂದೇ ಯಂತ್ರದ ಮೇಲೆ ಎರಡು ಕಟ್ಟಳೆಗಳಿರುವುದರಿಂದ ಬರತಕ್ಕದ್ದು. ಎಎಂಡಿ ಸಂಸ್ಥೆಯ ೬೪ ಬಿಟ್ಟುಗಳ ಸಂಸ್ಕಾರಕವು ೨೦೦೩ರಲ್ಲಿ ಮಾರುಕಟ್ಟೆಗೆ ಬಂತು. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು ಮೊದಲ ಆರು ಪೂರ್ಣಾಂಕಗಳನ್ನು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್೮, ಆರ್೯ ಎಂಬ ರಿಜಿಸ್ಟರುಗಳಲ್ಲಿ ಕಳುಹಿಸುತ್ತವೆ. ವಿಂಡೋಸ್ ವ್ಯವಸ್ಥೆಯಾದರೋ ಮೊದಲ ನಾಲ್ಕನ್ನು ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್೮, ಆರ್೯ಗಳಲ್ಲಿ ಕಳುಹಿಸಿ, ಸ್ಟ್ಯಾಕಿನಲ್ಲಿ ೩೨ ಬೈಟುಗಳನ್ನು ಕರೆಸಿಕೊಂಡವರ ಉಪಯೋಗಕ್ಕೆ ಬಿಡುತ್ತದೆ. ಆರ್ಗ್ಯುಮೆಂಟುಗಳ ಸ್ಥಾನ ತಪ್ಪಿದರೆ ಮೊದಲ ಕರೆಯಲ್ಲಿಯೇ ಗೊತ್ತಾಗುತ್ತದೆ. ಉಳಿಸಬೇಕಾದ ರಿಜಿಸ್ಟರುಗಳ ವ್ಯತ್ಯಾಸ ಹಾಗಲ್ಲ. ಆರ್‌ಡಿಐ, ಆರ್‌ಎಸ್‌ಐಗಳನ್ನು ಯುನಿಕ್ಸ್ ಕಟ್ಟಳೆಯಲ್ಲಿ ಕೆಡಿಸಬಹುದು, ವಿಂಡೋಸ್ ಕಟ್ಟಳೆಯಲ್ಲಿ ಕೆಡಿಸುವಂತಿಲ್ಲ. ಲಿನಕ್ಸ್‌ನಿಂದ ವಿಂಡೋಸ್‌ಗೆ ತಂದ ಕಲ್ಪಿತ ಯಂತ್ರವೊಂದನ್ನು ಹೊರಗಿನ ಪ್ರೋಗ್ರಾಮು ಮರಳಿ ಕರೆದಾಗ ಅದು ಆರ್‌ಎಸ್‌ಐಯನ್ನು ಕೆಡಿಸಿ ಹಿಂದಿರುಗಿದರೆ, ಕರೆದ ಪ್ರೋಗ್ರಾಮು ಎಷ್ಟೋ ಹೊತ್ತಿನ ಮೇಲೆ ಸಂಬಂಧವಿಲ್ಲದ ಸ್ಥಳದಲ್ಲಿ ಕುಸಿಯುತ್ತದೆ.

ಎರಡನೆಯದು ಉತ್ತರದ ಅಗಲಕ್ಕೆ ಸಂಬಂಧಿಸಿದ್ದು. ಹಳೆಯ ಸಿ ಭಾಷೆಯಲ್ಲಿ ಹೌದು-ಅಲ್ಲ ಎಂಬ ಉತ್ತರವು ಪೂರ್ಣಾಂಕವಾಗಿಯೇ ಬರುತ್ತಿತ್ತು. ೧೯೯೯ರ ಪ್ರಮಾಣವು ಅದಕ್ಕೆ ಪ್ರತ್ಯೇಕ ಬಗೆಯೊಂದನ್ನು ಕಲ್ಪಿಸಿತು. ಮೇಲೆ ಹೇಳಿದ ೬೪ ಬಿಟ್ಟುಗಳ ಕಟ್ಟಳೆಯ ಪ್ರಕಾರ ಅಂಥ ಉತ್ತರದಲ್ಲಿ ಕೆಳಗಿನ ಎಂಟು ಬಿಟ್ಟುಗಳು ಮಾತ್ರ ಪ್ರಮಾಣ. ಮೇಲಿನವುಗಳಲ್ಲಿ ಏನು ಬೇಕಾದರೂ ಉಳಿದಿರಬಹುದು. ಕಲ್ಪಿತ ಯಂತ್ರವು ಹಳೆಯ ರೂಢಿಯಂತೆ ೩೨ ಬಿಟ್ಟುಗಳನ್ನೂ ಓದಿದರೆ ‘ಅಲ್ಲ’ ಎಂಬ ಉತ್ತರವು ‘ಹೌದು’ ಎಂದಾಗಬಹುದು. ಮೇಲಿನ ಬಿಟ್ಟುಗಳು ಆಕಸ್ಮಿಕವಾಗಿ ಸೊನ್ನೆಯಾಗಿರುವವರೆಗೆ ಈ ದೋಷವು ಕಾಣುವುದಿಲ್ಲ. ಕಂಪೈಲರಿನ ಹೊಸ ಆವೃತ್ತಿ ಬಂದ ದಿನ ಕಾಣಬಹುದು.

ಮೂರನೆಯದು ಸ್ಟ್ಯಾಕಿನ ವಿಳಾಸಕ್ಕೆ ಸಂಬಂಧಿಸಿದ್ದು. ಇದು ಇತಿಹಾಸದ ದೃಷ್ಟಿಯಿಂದ ಉಳಿದವಕ್ಕಿಂತ ಭಿನ್ನ. ಯುನಿಕ್ಸ್ ಪರಂಪರೆಯ ೩೨ ಬಿಟ್ಟುಗಳ ಇಂಟೆಲ್ ಕಟ್ಟಳೆಯು ಮೂಲತಃ ಸ್ಟ್ಯಾಕಿನ ತುದಿಯು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿದ್ದರೆ ಸಾಕೆಂದಿತ್ತು. ೧೯೯೯ರ ಪೆಂಟಿಯಂ ೩ರೊಡನೆ ಬಂದ ಹೊಸ ಆಜ್ಞೆಗಳಲ್ಲಿ ಕೆಲವು ೧೬ರಿಂದ ಭಾಗವಾಗುವ ವಿಳಾಸವನ್ನು ಬಯಸುತ್ತವೆ. ಸಿಕ್ಕದಿದ್ದರೆ ಪ್ರೋಗ್ರಾಮು ಅಲ್ಲಿಯೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಪ್ರಧಾನವಾಗಿದ್ದ ಜಿಸಿಸಿ ಕಂಪೈಲರು ಸ್ಟ್ಯಾಕನ್ನು ೧೬ಕ್ಕೆ ಹೊಂದಿಸಿಡುವ ಅಭ್ಯಾಸವನ್ನು ಮಾಡಿಕೊಂಡಿತು. ಕ್ರಮೇಣ ಇತರರೂ ಹಾಗೆಯೇ ಹೊಂದಿಸಿರುತ್ತಾರೆಂದು ಭಾವಿಸತೊಡಗಿತು. ಬರೆದ ನಿಯಮವನ್ನೇ ನಂಬಿ ನಾಲ್ಕಕ್ಕೆ ಮಾತ್ರ ಹೊಂದಿಸುತ್ತಿದ್ದ ಪ್ರೋಗ್ರಾಮುಗಳು ಕುಸಿದವು. ಇಲ್ಲಿ ಸೋತದ್ದು ಲಿಖಿತ ನಿಯಮ, ಗೆದ್ದದ್ದು ರೂಢಿ. ೬೪ ಬಿಟ್ಟುಗಳ ಕಟ್ಟಳೆಯಲ್ಲಿ ೧೬ರ ನಿಯಮವು ಮೊದಲಿನಿಂದಲೇ ಲಿಖಿತವಾಗಿದೆ. ಆದರೂ ಕಲ್ಪಿತ ಯಂತ್ರಗಳು ತಾವೇ ರಚಿಸುವ ಆಜ್ಞೆಗಳಲ್ಲಿ ಎಂಟು ಬೈಟು ತಪ್ಪುವುದುಂಟು. ಅಂಥ ಹೊಸ ಆಜ್ಞೆಗಳನ್ನು ಬಳಸದ ಫಂಕ್ಷನ್ನುಗಳು ಸರಿಯಾಗಿ ನಡೆದು, ಬಳಸುವ ಫಂಕ್ಷನ್ನುಗಳು ಮಾತ್ರ ಕುಸಿಯುವುದೇ ಈ ದೋಷದ ಲಕ್ಷಣ.

ನಾಲ್ಕನೆಯದು ಅನಿಯತ ಸಂಖ್ಯೆಯ ಆರ್ಗ್ಯುಮೆಂಟುಗಳಿಗೆ ಸಂಬಂಧಿಸಿದ್ದು. ಆರ್ಮ್ ಸಂಸ್ಥೆಯ ೬೪ ಬಿಟ್ಟುಗಳ ಸಾಮಾನ್ಯ ಕಟ್ಟಳೆಯಲ್ಲಿ ಇವೂ ಇತರ ಆರ್ಗ್ಯುಮೆಂಟುಗಳಂತೆ ಎಕ್ಸ್೦ಯಿಂದ ಎಕ್ಸ್೭ರವರೆಗಿನ ರಿಜಿಸ್ಟರುಗಳಲ್ಲಿ ಹೋಗುತ್ತವೆ. ಆಪಲ್ ಸಂಸ್ಥೆಯು ಅದೇ ಸಂಸ್ಕಾರಕಗಳಿಗೆ ಗೊತ್ತುಮಾಡಿದ ತನ್ನ ಕಟ್ಟಳೆಯಲ್ಲಿ ಇವು ಯಾವಾಗಲೂ ಸ್ಟ್ಯಾಕಿನ ಮೇಲೆ ಹೋಗಬೇಕು. ೨೦೧೩ರಿಂದ ದೂರವಾಣಿಗಳಲ್ಲಿ ಬಳಕೆಯಲ್ಲಿದ್ದ ಈ ಕಟ್ಟಳೆಯು ೨೦೨೦ರ ನವೆಂಬರಿನಲ್ಲಿ ಮೇಜಿನ ಗಣಕಗಳಿಗೂ ಬಂತು. ಕಡತವನ್ನು ತೆರೆಯುವ ಓಪನ್ ಎಂಬ ಫಂಕ್ಷನ್ನು ಇದಕ್ಕೆ ತಕ್ಕ ಉದಾಹರಣೆ. ಹೊಸ ಕಡತವನ್ನು ಸೃಷ್ಟಿಸುವಾಗ ಮಾತ್ರ ಅದಕ್ಕೆ ಮೂರನೆಯ ಆರ್ಗ್ಯುಮೆಂಟು ಬೇಕು. ಅದು ಆ ಕಡತವನ್ನು ಯಾರು ಯಾರು ಓದಬಹುದು, ಬರೆಯಬಹುದು ಎಂಬ ಅನುಮತಿ. ಆದ್ದರಿಂದ ಅದು ಅನಿಯತ ಸಂಖ್ಯೆಯ ಫಂಕ್ಷನ್ನೆಂದೇ ಘೋಷಿತವಾಗಿದೆ. ಮೂರು ಆರ್ಗ್ಯುಮೆಂಟುಗಳ ಸಾಮಾನ್ಯ ಫಂಕ್ಷನ್ನೆಂದು ಭಾವಿಸಿದ ಕಲ್ಪಿತ ಯಂತ್ರವು ಅನುಮತಿಯನ್ನು ಎಕ್ಸ್೨ ರಿಜಿಸ್ಟರಿನಲ್ಲಿಡುತ್ತದೆ. ಓಪನ್ ಅದನ್ನು ಸ್ಟ್ಯಾಕಿನಿಂದ ಓದುತ್ತದೆ. ಕಡತವೇನೋ ಸೃಷ್ಟಿಯಾಗುತ್ತದೆ. ಆದರೆ ಅನುಮತಿಯ ಸ್ಥಾನದಲ್ಲಿ ಸ್ಟ್ಯಾಕಿನಲ್ಲಿದ್ದ ಯಾವುದೋ ಸಂಖ್ಯೆ ಸೇರಿರುತ್ತದೆ. ಒಡೆಯನೇ ತೆರೆಯಲಾರದ ಕಡತವೋ, ಯಾರು ಬೇಕಾದರೂ ತೆರೆಯಬಹುದಾದ ಕಡತವೋ ಉಂಟಾಗಬಹುದು. ಎರಡನೆಯದು ಉಂಟಾದರೆ ಯಾವ ದೂರೂ ಬಾರದೆ ಇರಬಹುದೆಂಬುದು ಹೆಚ್ಚು ಅಪಾಯಕರವಾದ ಸಂಗತಿ.

ಈ ದೋಷಕ್ಕೆ ಕಾರಣವನ್ನು ೨೦೨೦ರ ಯಂತ್ರದಲ್ಲಿ ಹುಡುಕುವವರು ಹೊಸ ಕಟ್ಟಳೆಯನ್ನೇ ದೂರಬಹುದು. ಆದರೆ ಅಂಥ ಕಟ್ಟಳೆಗೆ ಅಧಿಕಾರ ದೊರೆತದ್ದು ೧೯೮೯ರಲ್ಲಿ. ಆ ಅಧಿಕಾರವನ್ನು ಹೆಚ್ಚಿನವರು ಚಲಾಯಿಸದಿದ್ದ ಮೂವತ್ತೊಂದು ವರ್ಷಗಳ ರೂಢಿಯನ್ನು ನಿಯಮವೆಂದು ಬಗೆದದ್ದೇ ಮೂಲ ಕಾರಣ.

೭. ತಿದ್ದುವ ವಿಧಾನ

ಇಂಥ ದೋಷವನ್ನು ತಿದ್ದುವವರು ಅನುಸರಿಸುವ ಕ್ರಮವು ಇತಿಹಾಸಕಾರನಿಗೆ ಅಪರಿಚಿತವೆನಿಸುವುದಿಲ್ಲ. ಮೊದಲು ಕುಸಿದ ಸ್ಥಳಕ್ಕೂ ಕೆಟ್ಟ ಸ್ಥಳಕ್ಕೂ ಭೇದವನ್ನು ಕಲ್ಪಿಸಬೇಕು. ಕುಸಿದ ಫಂಕ್ಷನ್ನು ಬಹುಶಃ ನಿರ್ದೋಷಿ. ಅದಕ್ಕೆ ಮುಂಚೆ ಗಡಿಯನ್ನು ದಾಟಿದ ಕರೆಗಳನ್ನು ವಿಚಾರಿಸಬೇಕು. ಇದಕ್ಕಾಗಿ ಸಿ ಭಾಷೆಯಲ್ಲಿ ಒಂದು ಚಿಕ್ಕ ಫಂಕ್ಷನ್ನನ್ನು ಬರೆದು, ಅದಕ್ಕೆ ಒಂದರಿಂದ ಹತ್ತರವರೆಗೆ ಬೇರೆಬೇರೆ ಬೆಲೆಗಳನ್ನು ಕಳುಹಿಸಿ, ಎಷ್ಟನೆಯದು ಎಲ್ಲಿ ತಲುಪಿತೆಂಬುದನ್ನು ನೋಡುತ್ತಾರೆ. ಎಲ್ಲ ಸ್ಥಾನಗಳಿಗೂ ಸೊನ್ನೆಯನ್ನು ಕಳುಹಿಸಿದ ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ.

ಎರಡನೆಯದಾಗಿ, ಅದೇ ಫಂಕ್ಷನ್ನನ್ನು ಪೂರ್ಣ ಘೋಷಣೆಯೊಡನೆ ಕರೆಯುವ ಸಿ ಪ್ರೋಗ್ರಾಮನ್ನು ಬರೆದು, ಕಂಪೈಲರು ರಚಿಸಿದ ಯಂತ್ರಾಜ್ಞೆಗಳನ್ನೂ ಕಲ್ಪಿತ ಯಂತ್ರವು ರಚಿಸಿದವನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಇದು ಪಾಠಾಂತರಗಳ ಪರಿಶೀಲನೆಯಂತೆ. ಎರಡು ಪಾಠಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಪ್ರಶ್ನೆ ಹುಟ್ಟುತ್ತದೆ. ಆದರೆ ಕಂಪೈಲರಿನ ಪಾಠವನ್ನೂ ಪರಮಪ್ರಮಾಣವೆಂದು ಹಿಡಿಯಲಾಗದು. ಅದು ನಿಯಮವು ಬಯಸಿದ್ದಕ್ಕಿಂತ ಹೆಚ್ಚನ್ನು ತನ್ನ ಸೌಜನ್ಯದಿಂದ ಮಾಡುತ್ತಿರಬಹುದು, ಮೇಲಿನ ಬಿಟ್ಟುಗಳನ್ನು ಸೊನ್ನೆ ಮಾಡುವಂತೆ. ಆದಕಾರಣ ಮೂರನೆಯದಾಗಿ ಲಿಖಿತ ಕಟ್ಟಳೆಯನ್ನು ತೆರೆದು, ವ್ಯತ್ಯಾಸವು ನಿಯಮಕ್ಕೆ ಸೇರಿದ್ದೋ ರೂಢಿಗೆ ಸೇರಿದ್ದೋ ಎಂಬುದನ್ನು ನಿರ್ಧರಿಸಬೇಕು.

ಉಳಿಸಬೇಕಾದ ರಿಜಿಸ್ಟರುಗಳ ವಿಷಯದಲ್ಲಿ ಬೇರೆ ಪರೀಕ್ಷೆ ಬೇಕು. ಕರೆಯುವ ಮೊದಲು ಅವುಗಳಲ್ಲಿ ಗುರುತಿನ ಸಂಖ್ಯೆಗಳನ್ನಿಟ್ಟು, ಹಿಂದಿರುಗಿದ ಮೇಲೆ ಅವು ಹಾಗೆಯೇ ಇವೆಯೇ ಎಂದು ನೋಡಬೇಕು. ಸ್ಟ್ಯಾಕಿನ ತು‍ದಿಯು ೧೬ರಿಂದ ಭಾಗವಾಗುವುದೇ ಎಂಬುದನ್ನು ಗಡಿಯಲ್ಲಿಯೇ ಪರೀಕ್ಷಿಸಿ, ಆಗದಿದ್ದರೆ ಅಲ್ಲಿಯೇ ನಿಲ್ಲಿಸಿದರೆ, ದೂರದಲ್ಲಿ ಆಗಬಹುದಾದ ಕುಸಿತವು ಹತ್ತಿರದಲ್ಲಿಯೇ ಸಿಕ್ಕುತ್ತದೆ.

ಕಡೆಯದಾಗಿ, ತಿದ್ದುಪಡಿಯನ್ನು ಎಲ್ಲಿ ಮಾಡಬೇಕೆಂಬ ಪ್ರಶ್ನೆ. ಓಪನ್ ಕರೆಯೊಂದನ್ನೇ ತಿದ್ದಿದರೆ ಪ್ರಿಂಟ್‌ಎಫ್ ನಾಳೆ ಅದೇ ದೋಷವನ್ನು ತೋರಿಸುತ್ತದೆ. ಹೊರಗಿನ ಫಂಕ್ಷನ್ನುಗಳನ್ನು ವರ್ಣಿಸುವ ಕ್ರಮದಲ್ಲಿಯೇ ‘ಇಷ್ಟು ಆರ್ಗ್ಯುಮೆಂಟುಗಳು ನಿಯತ, ಉಳಿದವು ಅನಿಯತ’ ಎಂದು ಹೇಳುವ ಅವಕಾಶವಿರಬೇಕು. ಲಿಬ್‌ಎಫ್‌ಎಫ್‌ಐ ಭಂಡಾರದಲ್ಲಿ ಇದಕ್ಕೆ ಪ್ರತ್ಯೇಕ ದ್ವಾರವೇ ಇದೆ. ಇಂಟೆಲ್ ಯಂತ್ರದ ಮೇಲೆ ಸಾಮಾನ್ಯ ದ್ವಾರದಿಂದ ಹೋದರೂ ಕೆಲಸ ನಡೆಯುತ್ತಿದ್ದಾಗ ಅದನ್ನು ಬಿಟ್ಟು ಪ್ರತ್ಯೇಕ ದ್ವಾರವನ್ನು ಬಳಸುವ ಪ್ರೇರಣೆ ಹುಟ್ಟುವುದು ಕಷ್ಟ. ತಿದ್ದಿದವರು ಯಾವ ನಿಯಮದ ಆಧಾರದಿಂದ ತಿದ್ದಿದೆವೆಂಬುದನ್ನು ಪ್ರೋಗ್ರಾಮಿನಲ್ಲಿಯೇ ಬರೆದಿಡುವುದು ಅವಶ್ಯಕ. ಹಾಗೆ ಬರೆಯದ ತಿದ್ದುಪಡಿಯು ಮುಂದಿನವರಿಗೆ ಮತ್ತೊಂದು ಅರ್ಥವಾಗದ ರೂಢಿಯಾಗಿ ಉಳಿಯುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕರೆಯ ಕಟ್ಟಳೆಯು ಎಡ್ಸ್ಯಾಕ್ ಕಾಲದಿಂದ ಇಂದಿನವರೆಗೆ ಬಹುಮಟ್ಟಿಗೆ ಪ್ರೋಗ್ರಾಮು ರಚಿಸುವವರ ಪರಸ್ಪರ ವಿಶ್ವಾಸದ ಮೇಲೆಯೇ ನಿಂತಿದೆ. ವ್ಯಾಕ್ಸ್ ಯಂತ್ರದಂತೆ ಅದನ್ನು ಯಂತ್ರಕ್ಕೇ ಒಪ್ಪಿಸಿದ ಪ್ರಯತ್ನವು ವೇಗದ ಮುಂದೆ ನಿಲ್ಲಲಿಲ್ಲ. ನಿಯಮವೂ ರೂಢಿಯೂ ಬೇರೆಯಾದಾಗ ಯಾವುದು ಗೆಲ್ಲುವುದೆಂಬುದಕ್ಕೆ ಏಕರೂಪವಾದ ಉತ್ತರವಿಲ್ಲ: ೧೬ ಬೈಟುಗಳ ಪ್ರಕರಣದಲ್ಲಿ ರೂಢಿಯು ಗೆದ್ದಿತು, ಅನಿಯತ ಆರ್ಗ್ಯುಮೆಂಟುಗಳ ಪ್ರಕರಣದಲ್ಲಿ ಲಿಖಿತ ನಿಯಮವು ಗೆದ್ದಿತು. ಎರಡರಲ್ಲಿಯೂ ಹಾನಿಗೊಳಗಾದವರು ಮಾತ್ರ ಒಂದೇ ಬಗೆಯವರು: ಅಷ್ಟು ಕಾಲ ಸರಿಯಾಗಿ ನಡೆದ ಪ್ರೋಗ್ರಾಮನ್ನು ಸರಿಯಾದ ಪ್ರೋಗ್ರಾಮೆಂದು ನಂಬಿದವರು.

ಗಣಕಶಾಸ್ತ್ರದ ವಿದ್ಯಾರ್ಥಿಗಳು ಕಟ್ಟಳೆಯನ್ನು ಕಂಠಪಾಠ ಮಾಡುವುದರ ಜೊತೆಗೆ ಅದು ಯಾವಾಗ, ಯಾವ ಯಂತ್ರಕ್ಕಾಗಿ, ಯಾವ ಕಾರಣದಿಂದ ಏರ್ಪಟ್ಟಿತೆಂಬುದನ್ನೂ ವಿಚಾರಿಸುವುದು ಆದ್ದರಿಂದ ಪ್ರಯೋಜನಕರ. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ಕಟ್ಟಳೆಗಳ ಲಿಖಿತ ಪ್ರತಿಗಳು, ಅವುಗಳ ತಿದ್ದುಪಡಿಗಳು, ಕಂಪೈಲರುಗಳ ಆವೃತ್ತಿಗಳು, ದೋಷಗಳ ವರದಿಗಳು ಇವೆಲ್ಲ ದಿನಾಂಕಸಹಿತವಾದ ದಾಖಲೆಗಳು. ರಾಜರ ಶಾಸನಗಳಲ್ಲಿ ಬರೆದ ತೆರಿಗೆಗೂ ಗ್ರಾಮದಲ್ಲಿ ವಸೂಲಾದ ತೆರಿಗೆಗೂ ಇದ್ದ ಅಂತರವನ್ನು ಅಳೆಯಲು ಕಲಿತವರು ಈ ದಾಖಲೆಗಳನ್ನೂ ಅದೇ ಎಚ್ಚರಿಕೆಯಿಂದ ಓದಬಲ್ಲರು. ಈ ಕ್ಷೇತ್ರವು ನಮ್ಮ ವಿಭಾಗಗಳ ಗಮನಕ್ಕೆ ಬರಬೇಕಾಗಿದೆ.